ಸಾಲಿಗೊಂದು ಮತ



ಗೊಟ್ಟಿಗೆರೆಯ ನಮ್ಮ ಸಂಘದ ನಿಯಮಗಳನ್ನು ಮೊದಲು ಬರೆದವರು ಓದುಬರಹ ಬಲ್ಲ ಇಬ್ಬರೇ. ಉಳಿದ ನಾವೆಲ್ಲ ‘ಆಯ್ತಕ್ಕ’ ಅಂತ ಸಹಿ, ಹೆಬ್ಬೆಟ್ಟು ಹಾಕಿದೆವು. ಸಭೆಗೆ ತಪ್ಪಿದರೆ ದಂಡ ಎಂಬ ಸಾಲು ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಪ್ರತಿ ವಾರ ಚುಚ್ಚುತ್ತಿತ್ತು. ಓವರ್‌ಟೈಮ್ ಇದ್ದರೆ ಏನು ಮಾಡೋದು? ಒಬ್ಬರು ಸಂಘ ಬಿಡುವ ಮಾತೆತ್ತಿದ ಮೇಲೇ ನಮಗೆ ಎಚ್ಚರವಾಯಿತು.

ಪುಸ್ತಕವನ್ನು ಗಟ್ಟಿಯಾಗಿ ಓದಿ, ಸಾಲು ಸಾಲಿಗೂ ಮತ ಹಾಕಿದೆವು. ಒಪ್ಪಿಗೆಗೆ ಅವರೆಕಾಳು, ಬೇಡ ಅನ್ನೋರಿಗೆ ಹುರುಳಿ. ಬಟ್ಟೆ ಮುಚ್ಚಿದ ಚೊಂಬಿಗೆ. ಕೈ ಎತ್ತಿಸಿದರೆ ಪ್ರತಿನಿಧಿಯ ಮುಖ ನೋಡಿಯೇ ಎತ್ತುತ್ತೇವಲ್ಲ! ಹುರುಳಿ ಹೆಚ್ಚಾದರೆ ಆ ಸಾಲನ್ನು ತಿದ್ದಿ ಮತ್ತೆ ಮತ. ದಂಡದ ಸಾಲಿಗೆ ಮೂರು ಸುತ್ತು ಬೇಕಾಯಿತು.

1949ರ ನವೆಂಬರ್ 26ರಂದು ಅಂಗೀಕರಿಸಿದ ಸಂವಿಧಾನವನ್ನೂ ವಿಧಿ ವಿಧಿಯಾಗಿಯೇ ಮತಕ್ಕೆ ಹಾಕಿದ್ದರು. ಸಭೆಯಲ್ಲಿ ಮಂಡಿಸಿದ ತಿದ್ದುಪಡಿಗಳೇ 2,473. ನಮ್ಮ ಪುಸ್ತಕದಲ್ಲಿ ಈಗ ಹೀಗಿದೆ: ಮೊದಲೇ ತಿಳಿಸಿದರೆ ದಂಡವಿಲ್ಲ, ಉಳಿತಾಯದ ಹಣ ಮಾತ್ರ ಯಾರ ಕೈಲಾದರೂ ಕಳಿಸಬೇಕು.