ಕರೆಂಟಿನ ತಂತಿಯಲ್ಲೇ ಇಂಟರ್‌ನೆಟ್

ಈ ಹೊತ್ತು ಬಿತ್ತನೆ, ಗೊಬ್ಬರದ ಮಾತನ್ನು ಸ್ವಲ್ಪ ಬದಿಗಿಟ್ಟು, ಮನೆಯೊಳಗಿನ ಒಂದು ವಿಚಾರವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಈಗ ಎಷ್ಟೋ ಹಳ್ಳಿಗಳಿಗೆ ಫೈಬರ್ ತಂತಿಯ ಇಂಟರ್‌ನೆಟ್ ಬಂದಿದೆ. ಪಹಣಿ ನೋಡುವುದಕ್ಕೆ, ಬೆಳೆ ವಿಮೆಯ ಅರ್ಜಿಗೆ, ಪೇಟೆಯ ಧಾರಣೆಗೆ, ಮಳೆಯ ಮುನ್ಸೂಚನೆಗೆ, ಮಕ್ಕಳ ಪಾಠಕ್ಕೆ ಎಲ್ಲಕ್ಕೂ ಅದು ಬೇಕಾಗಿದೆ. ಆದರೆ ಜಗಲಿಯ ಮೇಲೆ ಚೆನ್ನಾಗಿ ಬರುವ ವೈ-ಫೈ ಹಿಂದಿನ ಕೋಣೆಗೆ ಬರುವುದೇ ಇಲ್ಲವೆಂಬ ದೂರು ಮನೆ ಮನೆಯಲ್ಲೂ ಉಂಟು.

ಇದಕ್ಕೆ ಕಾರಣ ನಮ್ಮ ಗೋಡೆಗಳು. ವೈ-ಫೈ ಎಂದರೆ ರೇಡಿಯೋ ಅಲೆಯೇ. ಆದರೆ ಬಹಳ ಕಡಿಮೆ ಬಲದ ಅಲೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಕರಾವಳಿಯ ಕೆಂಪು ಕಲ್ಲಿನ ಗೋಡೆ, ಬಯಲುಸೀಮೆಯ ಕಲ್ಲುಕಟ್ಟಡ ಇವು ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿ ಇಡುತ್ತವೆ, ನಿಜ. ಆದರೆ ಅವೇ ಗೋಡೆಗಳು ಆ ಅಲೆಯನ್ನು ಹೀರಿಕೊಂಡುಬಿಡುತ್ತವೆ. ತಗಡಿನ ಗೋಡೆಯೋ ಮರೆಯೋ ಇದ್ದರಂತೂ ಅಲೆ ಅದಕ್ಕೆ ಬಡಿದು ಹಿಂದಕ್ಕೆ ಹೋಗುತ್ತದೆ. ಹೀಗಾಗಿ ಹತ್ತನೇ ತರಗತಿಯ ಹುಡುಗಿ ಓದುವ ಕೋಣೆಯನ್ನು ಬಿಟ್ಟು, ರಾತ್ರಿ ಚಳಿಯಲ್ಲಿ ಜಗಲಿಗೆ ಬಂದು ಮೊಬೈಲು ಹಿಡಿದು ಕೂರಬೇಕಾಗಿದೆ.

ಇಂಥ ಮನೆಗಳಿಗೆಂದು ಪವರ್‌ಲೈನ್ ಅಡಾಪ್ಟರ್ ಎಂಬ ಸಾಧನವೊಂದು ಮಾರಾಟದಲ್ಲಿದೆ. ಒಂದು ಜೊತೆಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಕೆಲವರಿಗೆ ಇದು ವರದಂತೆ ಒದಗಿದೆ. ಮತ್ತೆ ಕೆಲವರು ತಂದು, ಹಾಕಿ, ಕೆಲಸಕ್ಕೆ ಬಾರದೆಂದು ಅಟ್ಟದ ಮೇಲೆ ಎಸೆದಿದ್ದಾರೆ. ಸಾಧನ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ? ಮನೆಯ ವೈರಿಂಗಿನಲ್ಲಿ. ಹೊಲದ ಮಣ್ಣು ನೋಡದೆ ಬೀಜ ಕೊಳ್ಳುತ್ತೀರಾ? ಹಾಗೆಯೇ ವೈರಿಂಗು ನೋಡದೆ ಇದನ್ನು ಕೊಳ್ಳಬಾರದು. ಇಂದಿನ ಮಾತಿನ ಸಾರವೇ ಇದು.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯೋಣ. ಜಾತ್ರೆಯಲ್ಲಿ ಡೊಳ್ಳಿನ ದಪ್ಪ ದನಿಯೂ ಕೊಳಲಿನ ಸಣ್ಣ ದನಿಯೂ ಒಂದೇ ಗಾಳಿಯಲ್ಲಿ ಬರುತ್ತವೆ. ಆದರೂ ಕಿವಿ ಅವೆರಡನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ, ಅಲ್ಲವೆ? ಅದರಂತೆಯೇ ಇದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅಡಾಪ್ಟರು ಅದೇ ತಂತಿಯ ಮೇಲೆ ಸೆಕೆಂಡಿಗೆ 20 ಲಕ್ಷ ಸಲಕ್ಕೂ ಮೇಲ್ಪಟ್ಟು ಆಡುವ ಸಣ್ಣ ಸಂಕೇತವನ್ನು ಏರಿಸುತ್ತದೆ. ಇನ್ನೊಂದು ಕೋಣೆಯಲ್ಲಿರುವ ಅದರ ಜೊತೆಗಾರ ಆ ಸಂಕೇತವನ್ನಷ್ಟೇ ಸೋಸಿ ತೆಗೆದುಕೊಳ್ಳುತ್ತದೆ. ಈ ಯುಕ್ತಿ ಹೊಸದೇನೂ ಅಲ್ಲ. 1920ರ ದಶಕದಲ್ಲೇ ವಿದ್ಯುತ್ ಕಂಪನಿಗಳು ದೊಡ್ಡ ಲೈನುಗಳ ಮೇಲೆ ಟೆಲಿಫೋನಿನ ಮಾತನ್ನು ಕಳಿಸುತ್ತಿದ್ದವು. ಮನೆಬಳಕೆಯ ಸಾಧನಕ್ಕೆ ಹೋಮ್‌ಪ್ಲಗ್ ಎಂಬ ಮೊದಲ ಮಾನದಂಡ 2001ರಲ್ಲಿ ಬಂತು. ಆಗ ಅದರ ವೇಗ 14 ಮೆಗಾಬಿಟ್. 2005ರಲ್ಲಿ 200 ಆಯಿತು. ಈಗ ಡಬ್ಬಿಯ ಮೇಲೆ 600, 1000 ಎಂದೆಲ್ಲ ಅಚ್ಚು ಹಾಕಿರುತ್ತಾರೆ.

ಆ ಅಂಕಿಗೆ ಮರುಳಾಗಬೇಡಿರಿ. ಕಂಪನಿಯ ಪುಸ್ತಿಕೆಯಲ್ಲಿ ಬರೆದ ಇಳುವರಿ ನಮ್ಮ ಹೊಲದಲ್ಲಿ ಬರುತ್ತದೆಯೇ? ಕೈಗೆ ಸಿಗುವುದು ಅದರ ನಾಲ್ಕನೇ ಒಂದು ಪಾಲು, ಹಳೆಯ ಮನೆಯಲ್ಲಿ ಅದಕ್ಕೂ ಕಡಿಮೆ. ಆದರೆ ಮಗುವಿನ ವಿಡಿಯೋ ಪಾಠಕ್ಕೆ 2ರಿಂದ 4 ಮೆಗಾಬಿಟ್ ಸಾಕಾಗುವುದರಿಂದ, ಬರುವ ವೇಗ ಕಡಿಮೆಯಾದರೂ ಕೆಲಸ ನಡೆಯುತ್ತದೆ. ಇನ್ನೊಂದು ಮಾತು. ಈ ಸಾಧನ ಇಂಟರ್‌ನೆಟ್ಟನ್ನು ಹುಟ್ಟಿಸುವುದಿಲ್ಲ, ಹೊತ್ತುಕೊಂಡು ಹೋಗುತ್ತದೆ ಅಷ್ಟೆ. ಬಾವಿಯಲ್ಲೇ ನೀರಿಲ್ಲದಿದ್ದರೆ ಪೈಪು ಹಾಕಿ ಏನು ಫಲ?

ಇನ್ನು ಕೊಳ್ಳುವ ಮುನ್ನ ಮೂರು ಪರೀಕ್ಷೆ ಮಾಡಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಒಂದನೆಯದು ಮೀಟರಿನ ಪರೀಕ್ಷೆ. ಇಂಟರ್‌ನೆಟ್ ಬೇಕಾದ ಜಾಗಕ್ಕೂ ರೂಟರ್ ಇರುವ ಜಾಗಕ್ಕೂ ಒಂದೇ ಮೀಟರಿನಿಂದ ಕರೆಂಟು ಹೋಗಿರಬೇಕು. ಕೊಟ್ಟಿಗೆಯ ದೀಪ ಹಾಕಿಟ್ಟು, ಮನೆಯ ಮೈನ್ ಸ್ವಿಚ್ ಇಳಿಸಿ ನೋಡಿರಿ. ಕೊಟ್ಟಿಗೆಯೂ ಕತ್ತಲಾದರೆ ಅದು ಮನೆಯ ಮೀಟರಿನದೇ ಲೈನು. ಉರಿಯುತ್ತಲೇ ಇದ್ದರೆ ಅದು ಬೇರೆ ಲೈನು, ಅಲ್ಲಿಗೆ ಈ ಸಾಧನವನ್ನು ನೆಚ್ಚಬೇಡಿರಿ.

"ಸಾರ್, ತೋಟದ ಪಂಪ್‌ಸೆಟ್ ಮನೆಗೂ ಇದನ್ನೇ ಹಾಕ್ಬೋದಾ?" ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಮನೆಯ ಆರ್.ಆರ್. ನಂಬರೇ ಬೇರೆ, ಪಂಪ್‌ಸೆಟ್ಟಿನ ಆರ್.ಆರ್. ನಂಬರೇ ಬೇರೆ. ಅನೇಕ ಕಡೆ ಟಿ.ಸಿ.ಯೂ ಬೇರೆ, ಫೀಡರೂ ಬೇರೆ. ಈ ಸಂಕೇತ ಟಿ.ಸಿ.ಯನ್ನು ದಾಟಿ ಹೋಗಲಾರದು. ಇದಕ್ಕಾಗಿ ಮನೆಯ ಕರೆಂಟನ್ನು ತೋಟಕ್ಕೆ ಎಳೆಯುವ ಸಾಹಸ ಮಾತ್ರ ಬೇಡ. ಅದು ನಿಯಮಕ್ಕೂ ವಿರುದ್ಧ, ಪ್ರಾಣಕ್ಕೂ ಅಪಾಯ. ಮೋಟಾರನ್ನು ಮನೆಯಿಂದಲೇ ಚಾಲೂ ಮಾಡುವುದೇ ನಿಮ್ಮ ಉದ್ದೇಶವಾದರೆ, ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಇದೆ. ತೋಟದಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ ಸಾಕು, ಅದಕ್ಕೆ ಮನೆಯ ಇಂಟರ್‌ನೆಟ್ ಬೇಕಾಗಿಯೇ ಇಲ್ಲ.

ಎರಡನೆಯದು ಫೇಸಿನ ಪರೀಕ್ಷೆ. ಸಿಂಗಲ್ ಫೇಸ್ ಮನೆಯವರಿಗೆ ಇದರ ಚಿಂತೆಯಿಲ್ಲ. ತ್ರೀ ಫೇಸ್ ಇರುವ ದೊಡ್ಡ ಮನೆಗಳಲ್ಲಿ ಜಗಲಿ ಒಂದು ಫೇಸಿನಲ್ಲಿ, ಹಿಂದಿನ ಕೋಣೆ ಮತ್ತೊಂದು ಫೇಸಿನಲ್ಲಿ ಇರುವುದುಂಟು. ಹಾಗಿದ್ದರೆ ಸಂಕೇತ ಬಹಳ ದುರ್ಬಲವಾಗುತ್ತದೆ. ಒಂದು ಫೇಸು ಹೋದಾಗ ಯಾವ ಯಾವ ಕೋಣೆ ಕತ್ತಲಾಗುತ್ತದೆಂದು ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿರಿ. ಜೊತೆಯಾಗಿ ಕತ್ತಲಾಗುವ ಕೋಣೆಗಳು ಒಂದೇ ಫೇಸಿನವು.

ಮೂರನೆಯದು ತಂತಿಯ ಪರೀಕ್ಷೆ. ಅಜ್ಜನ ಕಾಲದ ಮರದ ಪಟ್ಟಿಯ ವೈರಿಂಗು, ಇಲಿ ಕಡಿದ ತಂತಿ, ಟೇಪು ಸುತ್ತಿದ ಗಂಟುಗಳು, ಸಡಿಲವಾದ ಪ್ಲಗ್ಗು ಇವೆಲ್ಲ ಸಂಕೇತವನ್ನು ಸೋರಿಸುತ್ತವೆ. ಬದುವು ಒಡೆದ ಕಾಲುವೆಯಲ್ಲಿ ನೀರು ಕೊನೆಯ ಮಡಿಗೆ ಹೇಗೆ ತಲುಪೀತು? ಇಂಥ ವೈರಿಂಗು ಇಂಟರ್‌ನೆಟ್ಟಿಗಿಂತ ಮೊದಲು ಮನೆಯವರ ಜೀವಕ್ಕೇ ಅಪಾಯ. ಕೈಯಲ್ಲಿ ನಾಲ್ಕು ಸಾವಿರ ಇದ್ದರೆ ಮೊದಲು ಲೈಸೆನ್ಸ್ ಇರುವ ವೈರಿಂಗ್ ಕೆಲಸದವರನ್ನು ಕರೆಸಿ, ಗಂಟುಗಳನ್ನೂ ಅರ್ಥಿಂಗನ್ನೂ ಸರಿಪಡಿಸಿಕೊಳ್ಳಿರಿ. ಅಡಾಪ್ಟರು ಆಮೇಲೆ ಬರಲಿ. ಹೊಸ ಮಾದರಿಯ ಕೆಲವು ಅಡಾಪ್ಟರುಗಳು ಅರ್ಥ್ ತಂತಿಯನ್ನೂ ಸಂಕೇತಕ್ಕೆ ಬಳಸಿಕೊಳ್ಳುವುದರಿಂದ, ಆ ಖರ್ಚು ವ್ಯರ್ಥವಾಗುವುದಿಲ್ಲ.

ಮೂರರಲ್ಲೂ ಪಾಸಾದರೆ ಸಾಧನವನ್ನು ತನ್ನಿರಿ. ಎರಡೂ ಒಂದೇ ಜಾತಿಯವಾಗಿರಲಿ. ಹೋಮ್‌ಪ್ಲಗ್ ಮಾದರಿಗೂ ಜಿ.ಎಚ್.ಎನ್. ಮಾದರಿಗೂ ಹೊಂದಿಕೆಯಿಲ್ಲ. ಜೊತೆಯಾಗಿ ಮಾರುವುದನ್ನೇ ಕೊಳ್ಳುವುದು ಕ್ಷೇಮ. ಕೆಲಸಕ್ಕೆ ಬಾರದಿದ್ದರೆ ವಾಪಸು ತೆಗೆದುಕೊಳ್ಳಬೇಕೆಂದು ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಂಡು, ರಸೀದಿ ಇಟ್ಟುಕೊಳ್ಳಿರಿ.

ಹಾಕುವ ಕ್ರಮ ಸುಲಭ. ಒಂದನ್ನು ರೂಟರಿನ ಪಕ್ಕದ ಪ್ಲಗ್ಗಿಗೆ ಹಾಕಿ, ಜೊತೆಗೆ ಬಂದ ಸಣ್ಣ ಕೇಬಲಿನಿಂದ ರೂಟರಿಗೆ ಸೇರಿಸಿರಿ. ಇನ್ನೊಂದನ್ನು ಮೊದಲು ಅದೇ ಕೋಣೆಯಲ್ಲಿ ಹಾಕಿರಿ. ಎರಡರಲ್ಲೂ ಜೊತೆಗೂಡಿಸುವ ಗುಂಡಿ ಇರುತ್ತದೆ. ಒಂದರ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಮತ್ತೊಂದರ ಗುಂಡಿ ಒತ್ತಬೇಕು. ಪುಸ್ತಿಕೆಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದರಂತೆ ಮಾಡಿರಿ. ಈ ಕೆಲಸವನ್ನು ಬಿಡಬಾರದು. ಯಾಕೆಂದರೆ ಒಂದೇ ಟಿ.ಸಿ.ಯ ಲೈನಿನಲ್ಲಿರುವ ನೆರೆಮನೆಗೂ ಸಂಕೇತ ಸ್ವಲ್ಪ ಹರಿಯಬಹುದು. ಗುಂಡಿ ಒತ್ತಿದಾಗ ಎರಡಕ್ಕೂ ಒಂದು ಗುಟ್ಟಿನ ಕೀಲಿ ಬೀಳುತ್ತದೆ. ನೆರೆಯವರು ಅಂಥದೇ ಸಾಧನ ತಂದರೂ ನಿಮ್ಮದರೊಳಗೆ ಬರಲಾರರು.

ದೀಪ ಹತ್ತಿದ ಮೇಲೆ ಎರಡನೆಯದನ್ನು ಓದುವ ಕೋಣೆಗೆ ಒಯ್ಯಿರಿ. ಗೋಡೆಯ ಪ್ಲಗ್ಗಿಗೇ ನೇರವಾಗಿ ಹಾಕಬೇಕು. ಎಕ್ಸ್‌ಟೆನ್ಷನ್ ಬೋರ್ಡು, ಸ್ಟೆಬಿಲೈಸರುಗಳ ಮೂಲಕ ಹಾಕಿದರೆ ಸಂಕೇತ ಅಲ್ಲಿಯೇ ಸಾಯುತ್ತದೆ. ಮಿಕ್ಸಿ, ಹಾಲು ಕರೆಯುವ ಯಂತ್ರ, ಅಗ್ಗದ ಮೊಬೈಲ್ ಚಾರ್ಜರು ಇವೂ ಲೈನಿನಲ್ಲಿ ಗದ್ದಲ ಎಬ್ಬಿಸುತ್ತವೆ. ಆದ್ದರಿಂದ ಪರೀಕ್ಷೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಮಾಡಿ ಸುಮ್ಮನಾಗದೆ, ಸಂಜೆ ಎಲ್ಲ ಯಂತ್ರಗಳೂ ಓಡುವಾಗ ಮಾಡಿರಿ. ಓದುವ ಮಗುವಿಗೆ ಬೇಕಾದದ್ದು ಆ ಹೊತ್ತಿನ ವೇಗವೇ. ಎರಡನೆಯ ಅಡಾಪ್ಟರಿನಲ್ಲೇ ವೈ-ಫೈ ಇರುವ ಮಾದರಿಯಾದರೆ ಮೊಬೈಲಿಗೆ ನೇರವಾಗಿ ಸಿಗುತ್ತದೆ. ಇಲ್ಲವಾದರೆ ಅಲ್ಲಿಂದ ಕಂಪ್ಯೂಟರಿಗೆ ಕೇಬಲು ಕೊಡಬೇಕು.

ಕರೆಂಟು ಹೋದರೆ ಏನು ಗತಿ? ತಂತಿಯಲ್ಲಿ ಕರೆಂಟು ಇಲ್ಲದಿದ್ದರೆ ಅಡಾಪ್ಟರೂ ನಿಲ್ಲುತ್ತದೆ. ಇನ್ವರ್ಟರ್ ಇದ್ದವರು ಎರಡೂ ಅಡಾಪ್ಟರುಗಳನ್ನು ಇನ್ವರ್ಟರ್ ಲೈನಿನ ಪ್ಲಗ್ಗುಗಳಿಗೇ ಹಾಕಬೇಕು, ಒಂದು ಇಲ್ಲಿ ಒಂದು ಅಲ್ಲಿ ಆದರೆ ನಡೆಯದು. ಕೆಲವು ಅಗ್ಗದ ಇನ್ವರ್ಟರುಗಳ ಕರೆಂಟಿನಲ್ಲೇ ಗದ್ದಲ ಹೆಚ್ಚು, ಅದನ್ನೂ ಒಮ್ಮೆ ನೋಡಿಕೊಳ್ಳಿರಿ.

ಮಕ್ಕಳು ಅಡಾಪ್ಟರನ್ನು ಬಿಚ್ಚದಂತೆ ನಿಗಾ ಇರಲಿ. ಅದರೊಳಗೆ ಮನೆಯ ಕರೆಂಟೇ ಹರಿಯುತ್ತದೆ. ಕೊಟ್ಟಿಗೆಯಲ್ಲಾದರೆ ನೀರು, ಗಂಜಲ ಸಿಡಿಯದ ಎತ್ತರದಲ್ಲಿ ಇಡಿರಿ. ಗುಡುಗು ಮಿಂಚಿನ ಮಳೆ ಬರುವ ಸೂಚನೆ ಕಂಡೊಡನೆ ಅಡಾಪ್ಟರನ್ನೂ ರೂಟರನ್ನೂ ಪ್ಲಗ್ಗಿನಿಂದ ಕೀಳಿರಿ. ಸ್ವಿಚ್ ಆರಿಸಿದರೆ ಮಾತ್ರ ಸಾಲದು.

ಕೊನೆಯದಾಗಿ, ಎಲ್ಲ ಮನೆಗೂ ಇದೇ ಬೇಕೆಂದಿಲ್ಲ. ಮೊದಲು ರೂಟರನ್ನು ಜಗಲಿಯ ಮೂಲೆಯಿಂದ ತೆಗೆದು ನಡುಮನೆಯಲ್ಲಿ, ಎತ್ತರದಲ್ಲಿ ಇಟ್ಟು ನೋಡಿರಿ. ಎಷ್ಟೋ ಮನೆಗಳಲ್ಲಿ ಅಷ್ಟರಿಂದಲೇ ಕೆಲಸವಾಗುತ್ತದೆ. ಗೋಡೆಗೆ ತೂತು ಹೊಡೆಯಲು ಅಡ್ಡಿಯಿಲ್ಲದಿದ್ದರೆ ಲ್ಯಾನ್ ಕೇಬಲು ಎಳೆಯುವುದೇ ಎಲ್ಲಕ್ಕಿಂತ ನಂಬಿಕೆಯ ದಾರಿ. ಅದು 100 ಮೀಟರಿನವರೆಗೂ ಹೋಗುತ್ತದೆ. ಬಯಲಿನಲ್ಲಿ ಬೇರೆ ಕಟ್ಟಡಕ್ಕೆ ಒಯ್ಯುವುದಾದರೆ ಮಾತ್ರ ಸಿಡಿಲಿನ ಭಯವಿಲ್ಲದ ಫೈಬರ್ ಕೇಬಲು ಲೇಸು. ಗೋಡೆ ಒಡೆಯಲಾಗದ ಹಳೆಯ ಮನೆ, ಆದರೆ ವೈರಿಂಗು ಚೆನ್ನಾಗಿದೆ, ಮೀಟರೂ ಒಂದೇ ಎನ್ನುವವರಿಗೆ ಪವರ್‌ಲೈನ್ ಅಡಾಪ್ಟರ್ ಹೇಳಿ ಮಾಡಿಸಿದ್ದು.

ಆದುದರಿಂದ ಬಾಂಧವರೇ, ಮೀಟರು, ಫೇಸು, ತಂತಿ ಈ ಮೂರನ್ನೂ ನೆನಪಿಡಿರಿ. ಮೂರೂ ಸರಿಯಿದ್ದ ಮನೆಯಲ್ಲಿ ಕೊಟ್ಟ ಹಣ ಸಾರ್ಥಕ. ಸರಿಯಿಲ್ಲದಿದ್ದರೆ ಆ ಹಣ ವೈರಿಂಗಿಗೆ ಹೋಗಲಿ. ಹುಡುಗಿ ಓದುವುದಕ್ಕೂ, ಮನೆಯವರು ನಿಶ್ಚಿಂತೆಯಿಂದ ಮಲಗುವುದಕ್ಕೂ ಅದೇ ಬುನಾದಿ.