ಸಣ್ಣ ಇರುವೆಗಳೂ ಅವುಗಳ ನೆಲೆಗಳೂ
(ಕತ್ರಿಗುಪ್ಪೆಯ ಗೃಹಸ್ಥರಿಗಾಗಿ ಮಾಡಿದ ಉಪನ್ಯಾಸ)



ಕತ್ರಿಗುಪ್ಪೆಯು ಹಿಂದೆ ಹೊಲಗಳ ನಡುವಣ ಗ್ರಾಮವಾಗಿದ್ದು, ಈಗ ಬೆಂಗಳೂರು ನಗರದಲ್ಲಿ ಸೇರಿಹೋಗಿರುತ್ತದೆ. ಹೊಲಗಳು ಹೋದರೂ ಇರುವೆಗಳು ಹೋಗಲಿಲ್ಲ. ಬೆಲ್ಲದ ಡಬ್ಬಿಯಲ್ಲಿಯೂ ಹಿತ್ತಿಲ ಮರದಲ್ಲಿಯೂ ಸಾಲುಗಟ್ಟುವ ಅತಿ ಸಣ್ಣ ಇರುವೆಗಳೆಲ್ಲವೂ ಒಂದೇ ಎಂದೆಣಿಸಿ, ಎಲ್ಲಕ್ಕೂ ಒಂದೇ ವಿಷವನ್ನು ಸಿಂಪಡಿಸುವುದು ಜನರ ರೂಢಿ. ಇದರಿಂದ ಉಪದ್ರವವು ತಗ್ಗುವುದಕ್ಕೆ ಬದಲು ಹೆಚ್ಚುವುದೂ ಉಂಟು.

ಇಂತಹ ಇರುವೆಗಳಲ್ಲಿ ಮೊನೊಮೋರಿಯಂ ಎಂಬ ಕುಲವು ಮುಖ್ಯವಾದುದು. ಆಸ್ಟ್ರಿಯಾ ದೇಶದ ಮಾಯರ್ ಎಂಬ ಪಂಡಿತರು 1855ರಲ್ಲಿ ಈ ಹೆಸರನ್ನಿಟ್ಟರು.

ಈ ಕುಲದ ಫೇರೋ ಇರುವೆಯನ್ನು 1758ರಲ್ಲಿ ಲಿನೇಯಸ್ ಪಂಡಿತರು ವರ್ಣಿಸಿದರು. ಇದು ಸುಮಾರು 2 ಮಿಲಿಮೀಟರ್ ಉದ್ದ. ಬಣ್ಣ ಹಳದಿ, ಹೊಟ್ಟೆಯ ತುದಿ ಮಾತ್ರ ಕಪ್ಪು. ಗೋಡೆಯ ಬಿರುಕು, ವಿದ್ಯುತ್ ಗುಂಡಿಗಳ ಪೆಟ್ಟಿಗೆ, ಮಡಿಸಿಟ್ಟ ಬಟ್ಟೆ ಇವುಗಳಲ್ಲಿ ವಾಸಮಾಡುತ್ತದೆ. ಆಸ್ಪತ್ರೆಗಳಲ್ಲಿ ರೋಗಿಗಳ ಗಾಯಗಳಿಗೂ ಮುತ್ತಿ ರೋಗಾಣುಗಳನ್ನು ಹರಡುವುದರಿಂದ ಇದು ಅಪಾಯಕಾರಿ.

ಹೂವಿನಲ್ಲಿ ವಾಸಿಸುವುದೆಂಬ ಅರ್ಥದ ಫ್ಲೋರಿಕೋಲ ಜಾತಿಯನ್ನು ಜರ್ಡನ್ ಎಂಬವರು 1851ರಲ್ಲಿ ದಕ್ಷಿಣ ಇಂಡಿಯಾದ ಇರುವೆಗಳ ಪಟ್ಟಿಯಲ್ಲಿ ವರ್ಣಿಸಿದರು. ಇದರ ತಲೆ ಮತ್ತು ಹೊಟ್ಟೆ ಕಪ್ಪು, ನಡುಭಾಗ ತಿಳಿಗಂದು. ಟೊಳ್ಳು ಕಡ್ಡಿಗಳೂ ತೊಗಟೆಯ ಸಂದುಗಳೂ ಇದರ ನೆಲೆ. ಮನೆಯೊಳಕ್ಕೆ ಬಾರದಿದ್ದರೆ ಇದನ್ನು ಕೊಲ್ಲಬೇಕಾಗಿಲ್ಲ. ಗೋಡೆಗೆ ತಾಗುವ ರೆಂಬೆಗಳನ್ನೂ ಒಣಕಡ್ಡಿಗಳನ್ನೂ ಸವರಿದರೆ ಸಾಕು.

ಬಟ್ಟೆಯನ್ನೂ ತಂತಿಯ ಹೊದಿಕೆಯನ್ನೂ ಕಡಿಯುವ ಡಿಸ್ಟ್ರಕ್ಟರ್ ಎಂಬ ಇರುವೆಯನ್ನು ಸಹ ಜರ್ಡನರೇ ವರ್ಣಿಸಿದರು. ಬಹುಕಾಲ ಇದೇ ಕುಲದಲ್ಲಿದ್ದ ಅದನ್ನು 2015ರಲ್ಲಿ ಟ್ರೈಕೊಮಿರ್ಮೆಕ್ಸ್ ಕುಲಕ್ಕೆ ಸೇರಿಸಲಾಯಿತು. ಅದು ನೆಲದಲ್ಲಿಯೂ ಗೋಡೆಗಳಲ್ಲಿಯೂ ಗೂಡುಮಾಡುತ್ತದೆ.

ಫೇರೋ ಇರುವೆಯ ಗೂಡಿನಲ್ಲಿ ರಾಣಿಯರು ಅನೇಕ. ವಿಷ ಸಿಂಪಡಿಸಿದೊಡನೆ ಉಳಿದ ಇರುವೆಗಳು ಮರಿಗಳನ್ನು ಹೊತ್ತುಕೊಂಡು ಚದರಿ, ಹೊಸ ಗೂಡುಗಳನ್ನು ಹೂಡುತ್ತವೆ. ಹೀಗೆ ಅಡಿಗೆಮನೆಯ ಪೀಡೆಯು ತೊಟ್ಟಿಲಿರುವ ಕೋಣೆಗೂ ಹಬ್ಬಬಹುದು. ಆದಕಾರಣ ಇದಕ್ಕೆ ಸಿಂಪಡಿಸುವ ವಿಷ ಸಲ್ಲದು.

ಸುಲಭವಾದ ಉಪಾಯವೇನೆಂದರೆ, 100 ಮಿಲಿಲೀಟರ್ ನೀರಿನಲ್ಲಿ 10 ಗ್ರಾಂ ಸಕ್ಕರೆಯನ್ನೂ 1 ಗ್ರಾಂ ಬೋರಿಕ್ ಆಮ್ಲವನ್ನೂ ಕರಗಿಸಿ, ಹತ್ತಿಯಲ್ಲಿ ನೆನೆಸಿ, ಇರುವೆಯ ಸಾಲಿನ ಬಳಿ ಇಡತಕ್ಕದ್ದು. ಇದು ನಿಧಾನ ವಿಷವಾದ್ದರಿಂದ ಕೆಲಸದ ಇರುವೆಗಳು ಗೂಡಿಗೆ ಒಯ್ದು ರಾಣಿಗೂ ಮರಿಗಳಿಗೂ ಉಣಿಸುತ್ತವೆ. ಕೆಲವು ವಾರ ಹಿಡಿದರೂ ಬೇಸರಪಡದೆ ಹೊಸದಾಗಿ ಇಡುತ್ತಿರಬೇಕು. ಆ ದಿನಗಳಲ್ಲಿ ಸಾಲನ್ನು ಒರಸಕೂಡದು. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟಕದಂತೆ ಇಡುವುದು ಅತ್ಯವಶ್ಯಕ.

ಇರುವೆಯನ್ನು ಕಂಡೊಡನೆ ಕೈಯೆತ್ತದೆ, ಸಾಲಿನ ಜಾಡು ಹಿಡಿದು ಅದರ ಮನೆಯನ್ನು ಮೊದಲು ಕಂಡುಕೊಳ್ಳುವವನೇ ಜಾಣನಾದ ಗೃಹಸ್ಥನು.