ಔಷಧಿ ಕಾಣದ ಒಂದು ಮಡಿ

ಇಂದು ಪದವಿ ಪಡೆಯುತ್ತಿರುವ ಮಕ್ಕಳೇ,

ನಿಮಗೆಲ್ಲ ಅಭಿನಂದನೆಗಳು. ಚಿನ್ನದ ಪದಕ ಪಡೆದವರಿಗೂ ಪದಕವಿಲ್ಲದೆ ಪಾಸಾದವರಿಗೂ ಸಮನಾಗಿ. ಹೊಗಳಿಕೆಯ ಮಾತುಗಳನ್ನು ನನಗಿಂತ ಮೊದಲು ಮಾತನಾಡಿದವರು ಆಡಿದ್ದಾರೆ. ನನ್ನ ಪಾಲಿನ ಸಮಯವನ್ನು ಒಂದು ಚಿಂತೆಗೆ ಬಳಸಿಕೊಳ್ಳುತ್ತೇನೆ.

ತರಕಾರಿ ತಳಿ ಅಭಿವೃದ್ಧಿಯಲ್ಲೇ ನನ್ನ ಆಯುಷ್ಯ ಕಳೆದಿದೆ. ನಮ್ಮ ತಲೆಮಾರು ಇಳುವರಿ ಹೆಚ್ಚಿಸಿತು, ಕಾಯಿಗೆ ಹೊಳಪು ತಂದಿತು, ಲಾರಿಯಲ್ಲಿ ದೂರ ಹೋದರೂ ಒಡೆಯದ ಟೊಮೆಟೊ ಕೊಟ್ಟಿತು. ಆದರೆ ಹುಳು ಬಿದ್ದಾಗ ಗಿಡ ತಾನಾಗಿ ಏನು ಮಾಡುತ್ತದೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ತಳಿ ಆಯ್ಕೆ ಮಾಡುವ ತಾಕಿಗೇ ವಾರವಾರ ಔಷಧಿ ಹೊಡೆಯುತ್ತಿದ್ದರೆ, ಹುಳುವನ್ನು ತಡೆಯುವ ಗಿಡ ಯಾವುದು, ತಡೆಯಲಾರದ್ದು ಯಾವುದು ಎಂದು ತಿಳಿಯುವುದು ಹೇಗೆ? ಎರಡೂ ಒಂದೇ ಹಸಿರಾಗಿ ನಿಂತಿರುತ್ತವೆ. ಅಂಥ ತಾಕಿನಲ್ಲಿ ಆರಿಸಿದ ತಳಿ ರೈತರ ಹೊಲಕ್ಕೆ ಬಂದ ಮೇಲೂ ಅಷ್ಟೇ ಔಷಧಿ ಕೇಳುತ್ತದೆ. ಸಾಲ ಮಾಡಿ ಅದನ್ನು ತರುವವರು ರೈತರು, ಬೆನ್ನಿಗೆ ಪಂಪು ಕಟ್ಟಿಕೊಂಡು ಉಸಿರಾಡುವವರು ಕೂಲಿಯಾಳುಗಳು, ತಿನ್ನುವವರು ನಾವು.

ಇದನ್ನು ನನಗೆ ಕಲಿಸಿದವರು ಕೀಟಶಾಸ್ತ್ರದ ನಮ್ಮ ಮೇಷ್ಟ್ರು. ನಾನು ತಳಿಶಾಸ್ತ್ರದ ವಿದ್ಯಾರ್ಥಿನಿ. ಎರಡೂ ವಿಭಾಗಗಳಿಗೆ ಒಂದೇ ವರಾಂಡ ಇದ್ದರೂ ಮಾತುಕತೆ ಕಡಿಮೆ. ಬೆಂಡೆಯ ತಳಿಗಳನ್ನು ಹೋಲಿಸುವ ನನ್ನ ಯೋಜನೆಯನ್ನು ಓದಿ ಅವರು ಕೇಳಿದ್ದು ಒಂದೇ ಮಾತು: “ಇದರಲ್ಲಿ ಹುಳ ಎಲ್ಲಿ?” ಮಾರನೆಯ ದಿನ ಬಿಸಿಲೇರುವ ಮೊದಲೇ ಹೊಲಕ್ಕೆ ಕರೆಸಿದರು. ಮಂಡಿಯೂರಿ ಕೂತು, ಎಲೆ ಅಲುಗದ ಹಾಗೆ ಎರಡು ಬೆರಳಲ್ಲಿ ತೊಟ್ಟು ಹಿಡಿದು ಮೆಲ್ಲಗೆ ಮಗುಚಿದರು. ಎಲೆಯ ಅಡಿಯಲ್ಲಿ ಎಳೆಹಸಿರು ಜಿಗಿಹುಳುವಿನ ಮರಿಗಳು ಅಡ್ಡಡ್ಡ ಸರಿದು ನರದ ಮರೆಗೆ ಹೋಗುತ್ತಿದ್ದವು. ಗಿಡಕ್ಕೆ ಮೂರು ಎಲೆ, ಮೇಲಿನದೊಂದು, ನಡುವಿನದೊಂದು, ಕೆಳಗಿನದೊಂದು. ಎಣಿಸು, ಬರೆ, ಮುಂದಿನ ಗಿಡಕ್ಕೆ ಹೋಗು. “ಹುಳ ಎಣಿಸದೆ ಗಿಡ ಹೊಗಳಬೇಡ ಕಣಮ್ಮಾ” ಎನ್ನುತ್ತಿದ್ದರು.

ಅವರ ತಾಕು ನೋಡಲು ಚೆನ್ನಾಗಿರುತ್ತಿರಲಿಲ್ಲ. ಹುಳುವಿಗೆ ಬೇಗ ತುತ್ತಾಗುವ ತಳಿಯನ್ನು ಎರಡು ವಾರ ಮೊದಲೇ ಸುತ್ತಲೂ ಬಿತ್ತಿ, ಅದರ ಮೇಲೆ ಹುಳು ತುಂಬಿಕೊಳ್ಳಲು ಬಿಟ್ಟು, ಆಮೇಲೆ ಪರೀಕ್ಷೆಯ ಸಾಲುಗಳನ್ನು ಹಾಕಿಸುತ್ತಿದ್ದರು. ಎಲೆಯಂಚು ಹಳದಿಯಾಗಿ, ಕಂದಾಗಿ, ಮೇಲಕ್ಕೆ ಮುದುಡಿದ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಸಾಲು ಹಸಿರಾಗಿ ನಿಂತಿರುತ್ತಿತ್ತು. ಅವರು ಹುಡುಕುತ್ತಿದ್ದುದು ಆ ಸಾಲನ್ನೇ. ಒಂದು ಹಂಗಾಮಿನಲ್ಲಿ, ಗಣ್ಯರು ಬರುತ್ತಾರೆ, ಹೊಲ ಚೆನ್ನಾಗಿ ಕಾಣಬೇಕು ಎಂದು ಅಧಿಕಾರಿಯೊಬ್ಬರು ಹೇಳದೆ ಕೇಳದೆ ಆ ತಾಕಿಗೆ ಔಷಧಿ ಹೊಡೆಸಿಬಿಟ್ಟರು. ಇಡೀ ಹಂಗಾಮಿನ ಎಣಿಕೆ ವ್ಯರ್ಥವಾಯಿತು. ಮೇಷ್ಟ್ರು ಜಗಳವಾಡಲಿಲ್ಲ. ಮುಂದಿನ ಹಂಗಾಮಿಗೆ ಬದುವಿನ ಮೇಲೆ ಒಂದು ಹಲಗೆ ನೆಡಿಸಿದರು: “ಈ ತಾಕಿಗೆ ಔಷಧಿ ಹೊಡೆಯಬಾರದು.” ಅವರು ನಿವೃತ್ತರಾಗುವವರೆಗೂ ಅದು ಅಲ್ಲೇ ಇತ್ತು.

1951ರಲ್ಲಿ ಅಮೆರಿಕದ ಕೀಟವಿಜ್ಞಾನಿ ರೆಜಿನಾಲ್ಡ್ ಪೇಂಟರ್ ಬೆಳೆಗಳ ಕೀಟನಿರೋಧವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹುಳುವಿಗೆ ಗಿಡ ಒಗ್ಗದಿರುವುದು ಒಂದು, ತಿಂದ ಹುಳು ಏಳಿಗೆಯಾಗದಿರುವುದು ಇನ್ನೊಂದು, ತಿಂದರೂ ಗಿಡ ತಾಳಿಕೊಂಡು ಫಲ ಕೊಡುವುದು ಮೂರನೆಯದು. ಇದನ್ನು ನೀವು ಪರೀಕ್ಷೆಗೆ ಓದಿದ್ದೀರಿ. ಹೊಲದಲ್ಲಿ ಈ ಮೂರೂ ಇಷ್ಟು ಬಿಡಿಬಿಡಿಯಾಗಿ ಸಿಗುವುದಿಲ್ಲ. ಬೆಂಡೆಯ ಎಲೆಯಲ್ಲಿ ರೋಮ ಉದ್ದವಾಗಿ ಒತ್ತಾಗಿದ್ದರೆ ಜಿಗಿಹುಳುವಿಗೆ ಮೊಟ್ಟೆಯಿಡುವುದು ಕಷ್ಟ. ಆದರೆ ಅದೇ ರೋಮ ಕಾಯಿಯ ಮೇಲೂ ಬಂದರೆ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಸೌತೆಯಲ್ಲಿ ಕಹಿಯ ಅಂಶವಿದ್ದರೆ ನುಸಿ ದೂರ ಉಳಿಯುತ್ತದೆ, ಆದರೆ ಎಲೆ ತಿನ್ನುವ ದುಂಬಿಗಳಿಗೆ ಆ ಕಹಿಯೇ ಆಹ್ವಾನ. ಆಂಡೀಸ್ ಪರ್ವತಸೀಮೆಯ ಕಾಡು ಟೊಮೆಟೊ ಸೋಲಾನಮ್ ಹ್ಯಾಬ್ರೊಕೈಟಿಸ್‌ನ ಎಲೆ ಮುಟ್ಟಿದರೆ ಕೈಗೆ ಅಂಟುತ್ತದೆ. ಅದರ ರೋಮಗಳ ತುದಿಯ ಗ್ರಂಥಿಯಲ್ಲಿ ಹುಳುವನ್ನು ಕೊಲ್ಲುವ ರಸವಿದೆ. ಆದರೆ ಕೀಟ ಹತೋಟಿಗೆಂದು ನಾವು ಹೊಲಕ್ಕೆ ಬಿಡುವ ಟ್ರೈಕೊಗ್ರಾಮ ಕಣಜವೂ ಅದೇ ಅಂಟಿಗೆ ಸಿಕ್ಕಿ ಸಾಯುತ್ತದೆ. ಒಂದನ್ನು ಗೆಲ್ಲಿಸಲು ಹೋಗಿ ಇನ್ನೊಂದನ್ನು ಸೋಲಿಸುತ್ತಿದ್ದೇವೆಯೇ ಎಂದು ಪ್ರತಿ ಹಂತದಲ್ಲೂ ಹೊಲಕ್ಕೆ ಹೋಗಿ ನೋಡಬೇಕಾದ ಕೆಲಸವಿದು.

ಗೆದ್ದದ್ದೂ ಶಾಶ್ವತವಲ್ಲ. ಬಿಳಿನೊಣ ಹರಡುವ ಹಳದಿ ನಂಜು ರೋಗವನ್ನು ಒಂದು ಕಾಲಕ್ಕೆ ಪೂಸಾ ಸಾವನಿ ಬೆಂಡೆ ತಡೆಯುತ್ತಿತ್ತು. ಅದು ಸೋತ ಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಡೆಯ ಕಾಡು ಬಂಧುವಿನಿಂದ ನಿರೋಧಗುಣ ತಂದು ಅರ್ಕಾ ಅನಾಮಿಕಾ ಕೊಟ್ಟರು. ದೇಶವೆಲ್ಲ ಬೆಳೆದ ತಳಿ ಅದು. ಈಗ ಅದರ ಹೊಲದಲ್ಲೂ ಹಳದಿ ಎಲೆ ಕಾಣುತ್ತಿದೆ. ಇದರ ಜೊತೆಗೆ ಹೊಸ ಹುಳುಗಳೂ ಬರುತ್ತವೆ: ಮೆಣಸಿನಕಾಯಿಯ ಹೊಸ ಥ್ರಿಪ್ಸ್ ನುಸಿ 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ನಮ್ಮ ರಾಜ್ಯ ಎಲ್ಲೆಡೆ ಹೂವಿನೊಳಗೇ ಕೂತು ಬೆಳೆ ತಿಂದಿತು. ಎಲೆಯ ಮುಟುರು ನೋಡಿ ತಳಿಗೆ ಅಂಕ ಕೊಡುವ ಹಳೆಯ ಪದ್ಧತಿ ಹೂವಿನಲ್ಲಿ ಅಡಗುವ ಹುಳುವಿಗೆ ಸಾಲದು. ಇದಕ್ಕೆ ಹೊಸ ವಿಧಾನ ಕಟ್ಟಬೇಕಾದವರು ನೀವು.

ಬದನೆಯ ಮಾತು ಎತ್ತದೆ ಹೋಗಲಾರೆ. 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ, ಕುಡಿ ಮತ್ತು ಕಾಯಿ ಕೊರಕ ಹುಳುವಿಗೆ ತಡೆಯಾಗಿ ರೂಪಿಸಿದ ಕುಲಾಂತರಿ ಬಿಟಿ ಬದನೆಯನ್ನು ತಡೆಹಿಡಿಯಿತು. ಅದಕ್ಕೆ ಮೊದಲು ನಡೆದ ಸಾರ್ವಜನಿಕ ಸಭೆಗಳಲ್ಲಿ ಬೆಂಗಳೂರಿನದೂ ಒಂದು. ಉಡುಪಿಯ ಮಟ್ಟುಗುಳ್ಳ ಬದನೆಯ ಬೆಳೆಗಾರರ ಆತಂಕ ನಮ್ಮ ಪತ್ರಿಕೆಗಳಲ್ಲಿ ಬಂತು. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಯಾರು ಸರಿ ಎಂಬ ವಾದವನ್ನು ಈ ವೇದಿಕೆಯಲ್ಲಿ ಮತ್ತೆ ತೆರೆಯುವುದಿಲ್ಲ. ನನ್ನ ದೂರು ಬೇರೆ. ಪರ ವಿರೋಧದ ಗದ್ದಲ ಮುಗಿದ ಮೇಲೆ ಕುಡಿ ಮತ್ತು ಕಾಯಿ ಕೊರಕದ ಬಗ್ಗೆಯೇ ಎಲ್ಲರೂ ಸುಮ್ಮನಾದರು. ಹುಳು ಸುಮ್ಮನಾಗಲಿಲ್ಲ. ಮರಿ ಕುಡಿಯೊಳಗೆ, ಕಾಯಿಯೊಳಗೆ ಹೊಕ್ಕು ರಂಧ್ರವನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಹೊರಗೆ ಎಷ್ಟು ಸಿಂಪಡಿಸಿದರೂ ಒಳಗಿನದಕ್ಕೆ ತಾಗುವುದಿಲ್ಲ. ನಮ್ಮ ನಾಡಿನಲ್ಲಿ ಊರೂರಿಗೊಂದು ಬದನೆಯಿದೆ. ಬೀಜ ಒತ್ತೊತ್ತಾಗಿ ತುಂಬಿದ, ಸಿಪ್ಪೆ ಗಟ್ಟಿಯಿರುವ ತಳಿಗಳಲ್ಲಿ ಕೊರಕದ ಹಾವಳಿ ಕಡಿಮೆ ಎಂದು ತೋರಿಸಿದ ಅಧ್ಯಯನಗಳಿವೆ. ಪೂರ್ತಿ ತಡೆಯುವ ತಳಿ ಸಿಗದಿರಬಹುದು. ಅರ್ಧ ತಡೆದರೂ ಅಷ್ಟು ಸಿಂಪಡಣೆ ತಪ್ಪುತ್ತದೆ. ಸಿಂಪಡಣೆ ತಗ್ಗಿಸುವ ದಾರಿಗಳು ಬೇರೆ ತರಕಾರಿಗಳಲ್ಲೂ ಇವೆ: ಎಲೆಕೋಸಿನ ನಡುವೆ ಸಾಸಿವೆ ಬಿತ್ತಿ ವಜ್ರಬೆನ್ನಿನ ಪತಂಗವನ್ನು ಅತ್ತ ಸೆಳೆಯುವುದು, ಹಾಗೆಯೇ ಟೊಮೆಟೊದ ಹದಿನಾರು ಸಾಲಿಗೆ ಒಂದು ಸಾಲು ಚೆಂಡುಹೂ ಹಾಕುವುದು, ಇವು ನಮ್ಮ ನೆಲದಲ್ಲೇ ಪರೀಕ್ಷೆಯಾದ ಉಪಾಯಗಳು. ಅರೆನಿರೋಧದ ತಳಿಯೊಂದು ಜೊತೆಗಿದ್ದರೆ ಇಂಥವಕ್ಕೆ ಬಲ ಬರುತ್ತದೆ.

ಈಗ ನಿಮ್ಮ ಮೇಲೆ ಒಂದಿಷ್ಟು ಬೇಸರ ಹೇಳಿಕೊಳ್ಳುತ್ತೇನೆ, ಮನಸ್ಸಿಗೆ ಹಚ್ಚಿಕೊಂಡು ಕೇಳಿ. ಬಾಡಿದ ಬದನೆ ಕುಡಿಯ ಫೋಟೊ ತೆಗೆದು “ಮೇಡಂ, ಇದು ಯಾವ ಹುಳ?” ಎಂದು ನನಗೆ ವಾಟ್ಸಾಪ್ ಮಾಡುವ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ಆ ಕುಡಿಯನ್ನು ಕಿತ್ತು ಉಗುರಲ್ಲಿ ಸೀಳಿದರೆ ನಸುಗೆಂಪು ಮರಿ ಅಲ್ಲೇ ಇರುತ್ತದೆ. ಡಿಎನ್‌ಎ ಗುರುತುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು ಹೊಲಕ್ಕೆ ಹತ್ತು ಗಂಟೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಬಿಳಿನೊಣ ಚುರುಕಾಗಿ, ಎಲೆ ಮುಟ್ಟುವ ಮೊದಲೇ ಹಾರಿಹೋಗಿರುತ್ತದೆ. ಎಣಿಕೆ ತಪ್ಪಾದರೆ ಪ್ರಯೋಗಾಲಯದ ಎಷ್ಟು ದುಬಾರಿ ಯಂತ್ರವೂ ಅದನ್ನು ಸರಿಮಾಡಲಾರದು.

ಒಂದು ಭೂತಗನ್ನಡಿ ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಹೊಲದ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯಿರಿ, ಇಬ್ಬನಿಗೆ ಶಾಯಿ ಕದಡುತ್ತದೆ. ಬೇರೆ ವಿಭಾಗದಲ್ಲಿ ಒಬ್ಬ ಸ್ನೇಹಿತರನ್ನು ಮಾಡಿಕೊಳ್ಳಿ. ಊರಿಗೆ ಹೋದಾಗ ನಿಮ್ಮ ಅಜ್ಜಿಯೋ ಅತ್ತೆಯೋ ಬೂದಿ ಬೆರೆಸಿ ಕಟ್ಟಿಟ್ಟ ಬೀಜ ಏನೇನಿದೆ ಎಂದು ಕೇಳಿ, ಒಂದು ಹಿಡಿ ತಂದು ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಕೊಡಿ. ನಿಮ್ಮಲ್ಲಿ ಬಹಳ ಮಂದಿ ಬ್ಯಾಂಕು, ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೀರಿ. ಅದು ತಪ್ಪಲ್ಲ, ಮನೆಯ ಹೊಣೆ ನನಗೂ ಗೊತ್ತು. ಆದರೆ ನಾಳೆ ಬೆಳೆಸಾಲದ ಕಡತ ನಿಮ್ಮ ಮೇಜಿಗೆ ಬಂದಾಗ ಅದರಲ್ಲಿ ಔಷಧಿಯ ಖರ್ಚು ಎಷ್ಟೆಂದು ನೋಡಿ. ರೈತ ಸಂಪರ್ಕ ಕೇಂದ್ರದಲ್ಲಿ ಕೂರುವವರ ಬಳಿ ರೈತರು ಬಂದು “ಯಾವ ಎಣ್ಣಿ ಹೊಡೀಬೇಕ್ರಿ?” ಎಂದು ಕೇಳುತ್ತಾರೆ. ಉತ್ತರಿಸುವ ಮೊದಲು “ಯಾವ ತಳಿ ಹಾಕೀರಿ?” ಎಂದು ಕೇಳಿ, ಬರೆದಿಟ್ಟುಕೊಳ್ಳಿ.

ತಳಿ ಸಂಶೋಧನೆಗೆ ಹೋಗುವವರಲ್ಲಿ, ಸರ್ಕಾರಿ ಕೇಂದ್ರವಾಗಲಿ ಖಾಸಗಿ ಬೀಜದ ಕಂಪನಿಯಾಗಲಿ, ನನ್ನದೊಂದೇ ಕೋರಿಕೆ. ಪ್ರತಿ ಹಂಗಾಮಿನಲ್ಲೂ ಔಷಧಿ ಕಾಣದ ಒಂದು ಮಡಿ ಇಟ್ಟುಕೊಳ್ಳಿ. ಮೇಲಿನವರು ಕೇಳಿದರೆ ಕಾರಣ ಹೇಳಿ, ಬದುವಿನ ಮೇಲೆ ಹಲಗೆ ನೆಡಿಸಿ. ಅದರಲ್ಲಿ ಬಂದ ಲೆಕ್ಕವನ್ನು, ಎಲ್ಲ ತಳಿಯೂ ಹುಳುವಿಗೆ ಸೋತಿದ್ದರೂ ಸರಿಯೇ, ಮುಚ್ಚಿಡದೆ ಪ್ರಕಟಿಸಿ. ನನಗೂ ಒಂದು ಪ್ರತಿ ಕಳಿಸಿ. ವಿಳಾಸವನ್ನು ಕುಲಸಚಿವರ ಕಚೇರಿಯಲ್ಲಿ ಕೊಟ್ಟಿದ್ದೇನೆ. ಬಂದದ್ದನ್ನೆಲ್ಲ ಓದುತ್ತೇನೆ, ಉತ್ತರವನ್ನೂ ಬರೆಯುತ್ತೇನೆ.